ನೀಲಕ್ಕ ಹಿಡಿದುಕೊಟ್ಟ ಕಳ್ಳ

ಈಗೀಗ ಹಳೆಯದನ್ನು ನೆನೆಯುವುದಕ್ಕೂ ನನಗೆ ಬೇಸರ. ಇದೊಂದು ಮಾತ್ರ ತಾನಾಗಿ ಬರುತ್ತದೆ. ಆಗ ಯಲಬುರ್ಗಾದಲ್ಲಿ ಸಿನಿಮಾ ಎಂದರೆ ಎಲ್ಲರಿಗೂ ಹುಚ್ಚು, ನನ್ನ ಅಕ್ಕ ನೀಲವ್ವನೊಬ್ಬಳನ್ನು ಬಿಟ್ಟು. ಅವಳಿಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸದು, ಮಾತೂ ಬಾರದು. ಟೆಂಟಿನಲ್ಲಿ ಎಲ್ಲರೂ ನಕ್ಕಾಗ ನನ್ನ ರಟ್ಟೆ ಹಿಂಡಿ, ಏನಂತೆ ಎಂದು ಕೈಯಲ್ಲೇ ಕೇಳುವಳು. ನಾನು ಹೇಳುವಷ್ಟರಲ್ಲಿ ಮುಂದಿನ ನಗು ಬಂದಿರುತ್ತಿತ್ತು. ಕಡೆಕಡೆಗೆ ಬರುವುದನ್ನೇ ಬಿಟ್ಟಳು.

ಒಂದು ಬೇಸಿಗೆಯಲ್ಲಿ ನಮ್ಮ ಮಾಸ್ತರು ಕೊಪ್ಪಳದಿಂದ ಪ್ರೊಜೆಕ್ಟರ್ ತರಿಸಿ, ಶಾಲೆಯ ಕಿಟಕಿಗಳಿಗೆ ಕಂಬಳಿ ಕಟ್ಟಿಸಿ, ಊರವರನ್ನೂ ಕರೆದರು. ರೀಲಿನ ಡಬ್ಬಿ ಬಿಚ್ಚಿದರೆ ದೇವರ ಸಿನಿಮಾದ ಬದಲು ಜರ್ಮನಿಯ ಹಳೆಯ ಮೂಕಿ ಪತ್ತೇದಾರಿ ಚಿತ್ರ. ನಡುವೆ ಬರುವ ಅಕ್ಷರ ಮಾಸ್ತರಿಗೂ ಓದಲು ಬರಲಿಲ್ಲ. ಕಂಬಳಿಯ ಕುರಿವಾಸನೆ, ಹುರಿದ ಶೇಂಗಾದ ವಾಸನೆ, ಬೆವರು. ನಾನು ಬಲವಂತ ಮಾಡಿ ಅಕ್ಕನನ್ನೂ ಎಳೆತಂದಿದ್ದೆ.

ಚಿತ್ರದೊಳಗಿನ ದೊಡ್ಡ ಮನೆಯಲ್ಲಿ ಹಾರ ಕಳುವಾಗಿತ್ತು. ಪತ್ತೇದಾರ ಬಂದಾಗ ಯಜಮಾನ ಕುರ್ಚಿ ತೋರಿಸಿದ, ಅಷ್ಟೆ.

"ಮನಿಗಿ ಬಂದಾವಗ ಒಂದ್ ತಂಬಿಗಿ ನೀರ ಕೊಡಲಿಲ್ಲ ನೋಡ್ರಿ. ಇವನಽ ಕಳ್ಳ ಅದಾನ," ಎಂದಳು ಅವ್ವ.

ಹೆಂಗಸರೆಲ್ಲ ಹೌದೆಂದರು. ಆಮೇಲೆ ಆ ಚಿತ್ರದಲ್ಲಿ ಯಾರೂ ಯಾರಿಗೂ ನೀರು ಕೊಡಲಿಲ್ಲ. ನಮ್ಮವರ ಲೆಕ್ಕದಲ್ಲಿ ಮನೆಮಂದಿಯೆಲ್ಲ ಕಳ್ಳರಾದರು.

ಅಕ್ಕ ಅಲ್ಲವೆಂದು ತಲೆಯಾಡಿಸಿ, ಪರದೆಯ ಮೂಲೆಯಲ್ಲಿ ಚೀಲ ಹಿಡಿದು ನಿಂತಿದ್ದ ಆ ಮನೆಯ ಡಾಕ್ಟರನತ್ತ ಬೆರಳು ಮಾಡಿದಳು. ಎಲ್ಲರೂ ಬಾಗಿಲು ನೋಡುವಾಗ ಇವನೊಬ್ಬನೇ ಗಡಿಯಾರ ನೋಡುತ್ತಾನೆ ಎಂದು ಕೈಯಲ್ಲಿ ಹೇಳಿದಳು. ನಾನದನ್ನು ಗಟ್ಟಿಯಾಗಿ ಕೂಗಿದೆ. ಕೊನೆಗೆ ಪತ್ತೇದಾರ ಗಡಿಯಾರದ ಹಿಂದಿನಿಂದ ಹಾರ ತೆಗೆದು ಡಾಕ್ಟರನ ಕೈ ಹಿಡಿದ.

"ಈ ಹುಡುಗಿಗಿ ಹೆಂಗ ತಿಳೀತ? ಅಕೀನ ಕೇಳೋ," ಎಂದರು ಮಾಸ್ತರು ನನಗೆ.

ಅಕ್ಕ ಪರದೆಯ ಮುಂದೆ ನಿಂತು ಇಡೀ ಕಥೆಯನ್ನು ಕೈಯಲ್ಲಿ ಆಡಿ ತೋರಿಸಿದಳು. ನಾನು ಪಕ್ಕದಲ್ಲಿ ನಿಂತು ಒಂದೂ ಬಿಡದೆ ಬಾಯಲ್ಲಿ ಹೇಳುತ್ತ ಹೋದೆ. ಊರೆಲ್ಲ ಅವಳನ್ನೇ ನೋಡುತ್ತಿತ್ತು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ಹೆಮ್ಮೆಯೋ ಹೆಮ್ಮೆ.

ಅಕ್ಕನನ್ನು ಕುಷ್ಟಗಿಗೆ ಕೊಟ್ಟು ಎಷ್ಟೋ ವರ್ಷವಾಯಿತು. ನೌಕರಿ, ವರ್ಗಾವಣೆ ಎಂದು ನಾನು ಊರೂರು ಅಲೆದು ದಣಿದೆ. ಈಗ ಆಗಾಗ ವಿಡಿಯೋ ಕಾಲ್ ಮಾಡುತ್ತಾಳೆ. ಅವಳ ಕೈ ಅದೇ ವೇಗದಲ್ಲಿ ಓಡುತ್ತದೆ, ನನಗೆ ಅರ್ಧವೂ ತಿಳಿಯುವುದಿಲ್ಲ. ಮತ್ತೆ ಕೇಳುವ ತ್ರಾಣವಿಲ್ಲದೆ ನಗುತ್ತೇನೆ, ಹೌದೆಂದು ತಲೆಯಾಡಿಸುತ್ತೇನೆ. ಅವಳು ಅರ್ಧಕ್ಕೇ ಕೈ ನಿಲ್ಲಿಸಿ ನನ್ನ ಮುಖವನ್ನೇ ನೋಡುತ್ತಾಳೆ. ಆಮೇಲೆ ಉಂಡೆಯಾ ಎಂದಷ್ಟೇ ಕೇಳುತ್ತಾಳೆ. ಅದೊಂದು ನನಗೆ ಇನ್ನೂ ತಿಳಿಯುತ್ತದೆ.