ಅಪ್ಪ ಮನೆಗೆ ಬರುವ ಹೊತ್ತು

ಹದಿನೈದು ದಿನದ ಹಿಂದೆ ನಾನೊಂದು ಪತ್ತೇದಾರಿ ಕೆಲಸ ಮಾಡಿದೆ. ಕಳ್ಳ ಸಿಕ್ಕಿಬಿದ್ದ. ಯಾಕಾದರೂ ಹಿಡಿದೆನೋ ಎಂದು ಅವತ್ತಿನಿಂದ ಹಳಹಳಿಸುತ್ತಿದ್ದೇನೆ.

ಗಂಗಾವತಿಯಲ್ಲಿ ನನ್ನ ತಂಗಿ ಸುಮಾ ಇದ್ದಾಳೆ. ರೈಸ್ ಮಿಲ್‌ಗಳ ಹಿಂದಿನ ಓಣಿ. ಗಂಡ ಬಸವರಾಜನಿಗೆ ಮಿಲ್‌ನಲ್ಲಿ ಬಾಯ್ಲರ್‌ಗೆ ಭತ್ತದ ಹೊಟ್ಟು ಹಾಕುವ ಕೆಲಸ. ಮಗಳು ಪಲ್ಲವಿಗೆ ಎಂಟು ವರ್ಷ, ಆಸ್ತಮಾ ಶುರುವಾಗಿ ಎರಡು ವರ್ಷ. ಉಸಿರಿಗೆ ಒದ್ದಾಡುವಾಗ ಆ ಮಗುವಿನ ಪಕ್ಕೆಲುಬು ಒಳಕ್ಕೆ ಸೆಳೆದುಕೊಳ್ಳುವುದನ್ನು ನೋಡಿದರೆ ಸಂಕಟವಾಗುತ್ತದೆ.

"ಔಷಧದ ಜೊತಿ ಕಾರಣಾನೂ ಹುಡುಕ್ರಿ" ಎಂದರಂತೆ ಡಾಕ್ಟರ್. "ಯಾವಾಗ ಬರತೈತಿ, ಆವಾಗ ಹತ್ರ ಏನಿತ್ತು, ಬರೆದಿಡ್ರಿ."

ಸುಮಾ ನೋಟ್‌ಬುಕ್ ಇಟ್ಟಳು. ಜೊತೆಗೆ ಓಣಿಯವರು ಹೇಳಿದ್ದನ್ನೆಲ್ಲ ಮಗುವಿಗೆ ಬಿಡಿಸಿದಳು. ಮೊಸರು ಬಂದ್. ಪೇರಲ ಬಂದ್. ಬೆಕ್ಕು ಪಕ್ಕದ ಮನೆ ಸೇರಿತು. ದೃಷ್ಟಿಯಾಗಿದೆ ಎಂದು ಯಾರೋ ಹೇಳಿದ್ದಕ್ಕೆ ವಾರಕ್ಕೊಮ್ಮೆ ಮನೆತುಂಬ ಲೋಬಾನದ ಹೊಗೆ. (ಆಸ್ತಮಾ ಇರುವ ಮಗುವಿಗೆ ಹೊಗೆ! ನಾನು ಬೈದ ಮೇಲೆ ನಿಂತಿತು.)

ಅವತ್ತು ಕೊಪ್ಪಳದಿಂದ ಹೋದವನು ಚಹಾ ಕುಡಿಯುತ್ತ ನೋಟ್‌ಬುಕ್ ತಿರುವಿದೆ. ಉಬ್ಬಸ ಬಂದದ್ದು ಹೆಚ್ಚಿನ ದಿನ ಸಂಜೆ ಆರರ ಆಸುಪಾಸು. ಮಿಲ್‌ಗೆ ರಜೆ ಇದ್ದ ದಿನ ಏನೂ ಇಲ್ಲ. ಈ ಮನೆಯಲ್ಲಿ ಆರಕ್ಕೆ ಏನಾಗುತ್ತದೆ? ಬಸವರಾಜ ಡ್ಯೂಟಿ ಮುಗಿಸಿ ಬರುತ್ತಾನೆ. ಪಲ್ಲವಿ ಓಡಿಹೋಗಿ ಅವನ ಸೊಂಟ ತಬ್ಬುತ್ತಾಳೆ, ಅಂಗಿಗೆ ಮುಖ ಒತ್ತುತ್ತಾಳೆ. ಆ ಅಂಗಿಯ ತುಂಬ ಹೊಟ್ಟಿನ ಧೂಳು, ಬೂದಿ.

"ಸುಮಾ, ಕಾರಣ ಸಿಕ್ತು ನೋಡು!" ಎಂದು ಕೂಗಿದೆ. ಮಗುವಿನ ಎದುರೇ ಎಲ್ಲವನ್ನೂ ವಿವರಿಸಿದೆ. ಎಂಥ ಜಾಣ ನಾನು!

ಆಗ ತಾನೇ ಬಂದು ಬಾಗಿಲಲ್ಲಿ ನಿಂತಿದ್ದ ಬಸವರಾಜ ತನ್ನ ಅಂಗಿ ನೋಡಿಕೊಂಡ. "ಹಂಗಾರ ಕಾರಣ ನಾನ ಏನ್ರಿ, ಅಣ್ಣಾರ?" ಎಂದ.

ನೀನಲ್ಲಪ್ಪ, ಧೂಳು ಎಂದೆ. ಅವನ ತಲೆಗೆ ಅದು ಹೋಗಲಿಲ್ಲ.

ಮರುದಿನದಿಂದ ಅವನು ಮಿಲ್‌ನ ನಲ್ಲಿಯಲ್ಲೇ ಸ್ನಾನ ಮಾಡಿ, ಮನೆಯಿಂದ ಒಯ್ದ ಒಗೆದ ಬಟ್ಟೆ ಹಾಕಿಕೊಂಡು ಬರತೊಡಗಿದ. ಆದರೂ ಮಗುವಿಗೆ ಉಸಿರು ಕಟ್ಟಿತು. ತನ್ನ ಮೈಯಲ್ಲೇ ದೋಷವಿದೆ ಎಂದು ಅವನಿಗೆ ಖಾತ್ರಿಯಾಯಿತು. ಈಗ ಒಳಗೇ ಬರುವುದಿಲ್ಲ. ಹೊರಗಿನ ಕಟ್ಟೆಯ ಮೇಲೇ ಊಟ, ಅಲ್ಲೇ ಹಾಸಿಗೆ.

ಮೊನ್ನೆ ಹೋದಾಗ ತಂತಿಯ ಮೇಲೆ ಒಣಗಿದ್ದ ಅವನ ಅಂಗಿ ಮುಟ್ಟಿದೆ. ಬೆರಳು ಕಪ್ಪಾಯಿತು. ಪಕ್ಕದಲ್ಲಿ ಪಲ್ಲವಿಯ ಯೂನಿಫಾರ್ಮ್. ಅದೂ ಅಷ್ಟೇ. ಮಿಲ್‌ಗಳ ಚಿಮಣಿಯಿಂದ ಹಾರಿದ ಬೂದಿ ಓಣಿಯ ಒಗೆದ ಬಟ್ಟೆಗಳ ಮೇಲೆಲ್ಲ ಕೂತಿತ್ತು. ಮನೆ ಬದಲಿಸಿ ಎಂದೆ.

"ಎಲ್ಲಿಗೆ ಹೋಗೂಣ ಹೇಳಣ್ಣ?" ಎಂದಳು ಸುಮಾ. "ಶ್ರೀರಾಮನಗರದ ಕಡೆ ಸುಗ್ಗಿ ಮುಗದ್ರ ಹುಲ್ಲು ಸುಡ್ತಾರ. ನಿಮ್ಮ ಕೊಪ್ಪಳದಾಗ ಫ್ಯಾಕ್ಟರಿ ಹೊಗಿ. ಇವರಿಗೆ ಬ್ಯಾರೆ ಕೆಲಸ ಬರಂಗಿಲ್ಲ."

ನಮಗೆಲ್ಲ ತಟ್ಟೆಯಲ್ಲಿ ಬೆಳ್ಳಗಿನ ಅನ್ನ ಬೇಕು, ಬೂದಿ ಮಾತ್ರ ಆ ಓಣಿಗೆ. ಕಾರಣವನ್ನು ದೂರ ಇಡಿ ಅನ್ನುತ್ತಾರೆ ಡಾಕ್ಟರ್. ಊರನ್ನೇ ಎಲ್ಲಿ ದೂರ ಇಡುವುದು? ನನಗಂತೂ ದಾರಿ ಕಾಣುತ್ತಿಲ್ಲ.

"ಒಳಗೆ ಬಾರಪ್ಪ, ತಪ್ಪು ನಿನ್ನದಲ್ಲ" ಎಂದು ಬಸವರಾಜನ ಕೈ ಹಿಡಿದು ಎಳೆದೆ.

"ಬ್ಯಾಡ್ರಿ ಅಣ್ಣಾರ. ನನ್ನ ಪಾಲಿನ ಧೂಳರ ಕಡಿಮಿ ಆಗ್ಲಿ" ಎಂದ. ಕಟ್ಟೆಯಿಂದ ಏಳಲಿಲ್ಲ.

ಕಿಟಕಿಯ ಸರಳು ಹಿಡಿದು ನಿಂತಿದ್ದ ಪಲ್ಲವಿ ನನ್ನನ್ನೇ ದಿಟ್ಟಿಸಿದಳು.

"ಜಡ್ಡು ನನಗ ಐತಿ. ಅಪ್ಪನ್ನ ಯಾಕ ಹೊರಗ ಹಾಕಿದಿ, ಮಾಮಾ?"