ಅಜ್ಜಾರ ಹೊಲದಲ್ಲಿ ಕರಿಕೆ ಕಿತ್ತ ವರ್ಷ

ಕೂಡ್ಲಿಗಿಯಿಂದ ಹೊಸಹಳ್ಳಿಗೆ ಹೋಗುವ ದಾರಿಯಲ್ಲಿ, ನಮ್ಮೂರಿಗೆ ಹತ್ತಿಕೊಂಡಂತೆ, ನಾಡಿಗೆಲ್ಲ ಹೆಸರಾದ ಲೇಖಕರೊಬ್ಬರ ಹೊಲವಿತ್ತು. ಎಪ್ಪತ್ತರ ದಶಕದ ಕೊನೆಯಲ್ಲಿ ಅವರು ತೀರಿಕೊಂಡರು. ಅವರ ಹೆಂಡತಿ ಹೊಲವನ್ನೂ ಅದರ ನಡುವಿನ ಮಾಳಿಗೆ ಮನೆಯನ್ನೂ ಸರ್ಕಾರಕ್ಕೆ ಬಿಟ್ಟುಕೊಟ್ಟು ಮಗಳ ಮನೆಗೆ ಹೋದರು. ಸರ್ಕಾರ ಸುತ್ತಲೂ ತಂತಿ ಬೇಲಿ ಹಾಕಿಸಿ, ಕಬ್ಬಿಣದ ಗೇಟು ನಿಲ್ಲಿಸಿ, ‘ಸ್ಮಾರಕ ಉದ್ಯಾನ’ ಎಂದು ಬೋರ್ಡು ಬರೆಸಿತು. ಬಂದವರಿಗೆ ಮನೆ ತೋರಿಸಿ ನಾಲ್ಕು ಮಾತು ಹೇಳಲು ಒಬ್ಬರು ಬೇಕಾಗಿತ್ತು. ಪಿಯುಸಿ ಮುಗಿಸಿ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ನನಗೆ ಆ ಕೆಲಸ ಸಿಕ್ಕಿತು. ಸದ್ಯಕ್ಕೆ ಹಂಗಾಮಿ, ಉದ್ಘಾಟನೆ ಸರಿಯಾಗಿ ನಡೆದರೆ ಮುಂದುವರಿಸುತ್ತೇವೆ ಎಂದಿದ್ದರು.

ನಮ್ಮ ಮನೆತನದಲ್ಲಿ ತಿಂಗಳ ಸಂಬಳ ಕಂಡವರಲ್ಲಿ ನಾನೇ ಮೊದಲನೆಯವಳು. ಅವ್ವ ಬಾವಿಕಟ್ಟೆಯಲ್ಲಿ ‘ನಮ್ಮ ಸರ್ಕಾರಿ ಮಗಳು’ ಎಂದು ಡಂಗುರ ಹೊಡೆದಳು. ಅಪ್ಪ ಮಾತ್ರ, ಕೆಲಸ ನಿಲ್ಲದಿದ್ದರೆ ಇರಲಿ ಅಂತ ಕೊಟ್ಟೂರಿನಲ್ಲಿ ಒಂದು ಗಂಡು ನೋಡಿಟ್ಟಿದ್ದ. ಗಂಡಿಗೆ ಕಿರಾಣಿ ಅಂಗಡಿ ಇತ್ತು, ಮೀಸೆಯೂ ಇತ್ತು. ನನಗೆ ಎರಡರ ಮೇಲೂ ಮನಸ್ಸಿರಲಿಲ್ಲ. ನನಗೆ ಬೇಕಾಗಿದ್ದದ್ದು ಆ ಕೆಲಸ.

ಆ ಲೇಖಕರನ್ನು ಊರಲ್ಲಿ ಯಾರೂ ಸಾಹಿತಿ ಎನ್ನುತ್ತಿರಲಿಲ್ಲ. ಹೊಲದಜ್ಜಾರು ಎನ್ನುತ್ತಿದ್ದರು. ಬೆಳಿಗ್ಗೆ ಬೇವಿನ ಮರದ ಕೆಳಗೆ ಹೊರಸಿನ ಮೇಲೆ ಕೂತು ಬರೆಯುವರು. ಬರೆದು ಬೇಸರವಾದರೆ ಆಳಿನ ಕೈಯಿಂದ ಕುಂಟೆ ಕಿತ್ತುಕೊಂಡು ತಾವೇ ಎತ್ತಿನ ಹಿಂದೆ ಹೊರಡುವರು. ಪೇಟೆಯಲ್ಲಿ ಬೆಳೆದ ಮನುಷ್ಯ. ಅವರು ಹೊಡೆದ ಸಾಲು ಎತ್ತು ಉಚ್ಚೆ ಹೊಯ್ದಂತೆ ಸೊಟ್ಟ. ಅವ್ವ ಅಲ್ಲೇ ಬಾಳುವೆಯೆಲ್ಲ ಕಳೆ ತೆಗೆದವಳು. ಅಂಜುತ್ತಿರಲಿಲ್ಲ. “ಅಜ್ಜಾರ, ನೀವು ಹಾಳಿ ಮ್ಯಾಲೆ ಬರೀರಿ, ಭೂಮಿತಾಯಿ ಮ್ಯಾಲೆ ಗೀಚಬ್ಯಾಡ್ರಿ” ಎನ್ನುವಳು. ಅವರು ಹೊಟ್ಟೆ ಹಿಡಿದುಕೊಂಡು ನಗುವರು.

ಶೀಗಿ ಹುಣ್ಣಿಮೆ ಬಂತೆಂದರೆ ಊರಿಗೆ ಊರೇ ಅವರ ಹೊಲದಲ್ಲಿ. ಆ ದಿನ ಹೊಲದ ಪೈರನ್ನು ಬಸುರಿ ಎಂದು ತಿಳಿದು ಪೂಜೆ ಮಾಡುತ್ತೇವೆ. ಅವಳ ಬಯಕೆಗೆ ಕಡುಬು, ಅನ್ನ, ಪುಂಡಿಪಲ್ಯ ಎಲ್ಲ ಕಲಸಿ ಹೊಲದ ತುಂಬ ಚೆಲ್ಲುತ್ತೇವೆ. ಅದೇ ಚರಗ. ಮುಂದೆ ಒಬ್ಬರು ಚರಗದ ಬುಟ್ಟಿ ಹಿಡಿದು “ಹುಲಿಗ್ಯೋ” ಎಂದು ಎರಚಿದರೆ, ಹಿಂದೆ ಒಬ್ಬರು ತಂಬಿಗೆಯ ನೀರು ಚಿಮುಕಿಸುತ್ತ “ಚೆಲ್ಲಂಬರಿಗ್ಯೋ” ಎಂದು ಓಗೊಡಬೇಕು. ಅರ್ಥ ಯಾರಿಗೂ ಗೊತ್ತಿಲ್ಲ, ಕೂಗು ಮಾತ್ರ ಮೂರು ಹೊಲದಾಚೆ ಕೇಳಬೇಕು. ಅಜ್ಜಾರು ಬುಟ್ಟಿ ಹಿಡಿದು ಮುಂದೆ ಓಡುವರು, ಅವ್ವ ತಂಬಿಗೆ ಹಿಡಿದು ಹಿಂದೆ. ಅವ್ವನ ಕಂಠಕ್ಕೆ ಬೆಳ್ಳಕ್ಕಿಗಳು ಏಳುತ್ತಿದ್ದವು.

ಈಗ ಅದೇ ಹೊಲದ ಮುಂಭಾಗದಲ್ಲಿ, ಮನೆಯ ಎದುರಿಗೆ, ಸರ್ಕಾರ ಹುಲ್ಲುಹಾಸು ಮಾಡಿಸಿತು. ನಕಾಶೆ ಬೆಂಗಳೂರಿನಿಂದ ಬಂದಿತ್ತು. ಹಚ್ಚಿದ್ದು ಯಾವ ಹುಲ್ಲು ಅಂತೀರಿ? ಕರಿಕೆ! ಗಣಪ್ಪನಿಗೆ ಏರಿಸುವ ಗರಿಕೆ, ನಮ್ಮ ಒಣಭೂಮಿಯ ರೈತರಿಗೆ ಜನ್ಮಜನ್ಮದ ವೈರಿ. ಒಂದು ಗೆಣ್ಣು ಉಳಿದರೆ ಸಾಕು, ಮತ್ತೆ ಹೊಲವೆಲ್ಲ ಹಬ್ಬುತ್ತದೆ. ಲಾರಿಯಲ್ಲಿ ಕರಿಕೆ ಬಂದಿಳಿದದ್ದನ್ನು ಊರವರಾರೂ ನೋಡಿರಲಿಲ್ಲ. ನೋಡಿದ್ದರೆ ಅಂದೇ ಗಲಾಟೆಯಾಗುತ್ತಿತ್ತು. ಹಳೇ ಕಣದಲ್ಲಿ ಉದುರಿದ್ದ ಜೋಳವೂ ಹುಲ್ಲಿಗೆ ಬಿಟ್ಟ ನೀರು ಕುಡಿದು ನಡುನಡುವೆ ಮೊಳೆತಿತ್ತು.

ಶ್ರಾವಣದಲ್ಲಿ ಇಲಾಖೆಯ ಸಾಹೇಬರು ಬಂದು ನೋಡಿ, “ಕಳೆ ಜಾಸ್ತಿ ಆಗಿದೆಯಮ್ಮ, ಹೆಣ್ಣಾಳು ಹಚ್ಚಿ ತೆಗೆಸು” ಎಂದರು. ಅವರು ಹರಪನಹಳ್ಳಿ ಕಡೆಯವರು, ಆದರೆ ಕಚೇರಿಯಲ್ಲಿ ಪುಸ್ತಕದ ಮಾತನ್ನೇ ಆಡುತ್ತಿದ್ದರು. ನಾನು ಅವ್ವನಿಗೂ ಅವಳ ಗೆಳತಿಯರಿಗೂ ‘ಕಳೆ ತೆಗೀರಿ’ ಎಂದಷ್ಟೇ ಹೇಳಿ, ಅಜ್ಜಾರ ಫೋಟೋಗಳಿಗೆ ಕಟ್ಟು ಹಾಕಿಸಿಕೊಂಡು ಬರಲು ಕೂಡ್ಲಿಗಿಗೆ ಹೋದೆ.

ಸಂಜೆ ಬಸ್ಸಿಳಿದು ಗೇಟು ದೂಡಿದರೆ, ಹುಲ್ಲುಹಾಸು ಇಲ್ಲ. ಬೇಲಿಯ ಮೂಲೆಯಲ್ಲಿ ಕರಿಕೆಯ ಗುಡ್ಡೆ. ಎದುರಿಗೆ ಕೆಂಪು ನೆಲ, ಅದರಲ್ಲಿ ಅಲ್ಲೊಂದು ಇಲ್ಲೊಂದು ಜೋಳದ ಸಸಿ. ತೆಳುವಾದ ಕಡೆ ಅವ್ವ ಮನೆಯಿಂದ ಬೀಜ ತಂದು ಉದುರಿಸಿಯೂ ಬಿಟ್ಟಿದ್ದಳು.

“ನೋಡಲೇ, ಒಂದ್ ಬೇರ್ ಬಿಟ್ಟಿಲ್ಲ!” ಎಂದು ಎದೆಯುಬ್ಬಿಸಿ ನಿಂತಳು.

“ಅವ್ವಾ, ಆ ಹುಲ್ಲು ಸರ್ಕಾರದ್ದು! ರೊಕ್ಕ ಕೊಟ್ಟು ಹಚ್ಚಿಸಿದ್ದು!”

“ಕರಿಕೀನಾ? ರೊಕ್ಕ ಕೊಟ್ಟಾ?” ಎಂದಳು. ಹೆಂಗಸರೆಲ್ಲ ನಕ್ಕರು. ನಾನು ಹಾಸ್ಯ ಮಾಡುತ್ತಿದ್ದೇನೆ ಎಂದುಕೊಂಡಿದ್ದರು. ನನ್ನ ಕಣ್ಣಲ್ಲಿ ನೀರು ಕಂಡ ಮೇಲೆ ಅವ್ವನ ನಗು ನಿಂತಿತು.

ಸಾಹೇಬರು ಮರುದಿನ ಬಂದು ಕೆಂಡವಾದರು. “ಉದ್ಘಾಟನೆಗೆ ಮೊದಲು ಇಲ್ಲಿ ಹುಲ್ಲಿರಬೇಕು. ಇಲ್ಲದಿದ್ದರೆ ಬೇರೆಯವರನ್ನು ನೋಡುತ್ತೇನೆ” ಎಂದರು. ಹೊಸ ಹುಲ್ಲಿಗೆ ಬರೆದರು. ಹುಲ್ಲು ಇವತ್ತು ಬರುತ್ತದೆ, ನಾಳೆ ಬರುತ್ತದೆ. ಸರ್ಕಾರದ ಹುಲ್ಲು ತಾನೇ, ಬರಲಿಲ್ಲ. ಮಳೆ ಮಾತ್ರ ಸರಿಯಾಗಿ ಬಂತು. ಜೋಳ ಮೊಣಕಾಲು ದಾಟಿತು, ಸೊಂಟಕ್ಕೆ ಬಂತು. ಅದನ್ನಾದರೂ ಕಿತ್ತು ನೆಲ ಹಸನು ಮಾಡಿರಿ ಎಂದರೆ ಊರಲ್ಲಿ ಒಂದು ಆಳು ಬರಲಿಲ್ಲ. “ಬಸುರಿ ಪೈರು ಕೀಳ್ತಾರೇನ್ರಿ?” ಎಂದು ಸಾಹೇಬರನ್ನೇ ಕೇಳಿದರು. ಸಾಹೇಬರಿಗೆ ಸಿಟ್ಟು ನೆತ್ತಿಗೇರಿತು. ತಾವೇ ಕೀಳುತ್ತೇನೆಂದು ತೋಳು ಮೇಲೇರಿಸಿ ಇಳಿದರು. ಒಂದು ದಂಟಿನ ಬುಡಕ್ಕೆ ಕೈಹಾಕಿ ಬಗ್ಗಿದವರು ಹಾಗೇ ನಿಂತರು. ಆಮೇಲೆ ಅದರ ಬುಡಕ್ಕೆ ಒಂದಿಷ್ಟು ಮಣ್ಣು ಏರಿಸಿ, ಕೈ ಕೊಡವಿಕೊಂಡು, ಯಾರ ಮುಖವನ್ನೂ ನೋಡದೆ ಜೀಪು ಹತ್ತಿ ಹೋದರು.

ಇತ್ತ ಅವ್ವ ಮಾತು ಬಿಟ್ಟಿದ್ದಳು. ಬಾಯಿಗೆ ಬೀಗ ಹಾಕಿದವಳಂತೆ ಬುತ್ತಿ ಕಟ್ಟಿಕೊಡುವಳು, ನಾನು ಹೋಗುವವರೆಗೆ ಬಾಗಿಲಲ್ಲಿ ನಿಂತಿರುವಳು. ‘ಮಗಳ ಅನ್ನ ನಾನೇ ಕಿತ್ತೆ’ ಎಂದು ಅಪ್ಪನ ಹತ್ತಿರ ಒಮ್ಮೆ ಅಂದಳಂತೆ. ಅವ್ವ ಬೈದರೆ ಸಹಿಸಬಹುದು. ಸುಮ್ಮನಿರುವ ಅವ್ವನನ್ನು ನಾನು ಅದುವರೆಗೆ ಕಂಡಿರಲಿಲ್ಲ, ನನಗೆ ಕೆಲಸ ಹೋಗುವ ಚಿಂತೆಗಿಂತ ಇದೇ ಹೆಚ್ಚಾಯಿತು.

ಉದ್ಘಾಟನೆಯ ದಿನವನ್ನು ಲೇಖಕರ ಹೆಂಡತಿ, ನಮ್ಮೂರಿಗೆಲ್ಲ ಅಮ್ಮಾರು, ತಾವೇ ಆರಿಸಿದ್ದರು. ಶೀಗಿ ಹುಣ್ಣಿಮೆ. ಬೆಳಿಗ್ಗೆ ಊರ ಹೆಂಗಸರು ತಲೆಯ ಮೇಲೆ ಬುಟ್ಟಿ ಹೊತ್ತು ಗೇಟಿಗೆ ಬಂದರು. ಅವರ ಹಿಂದೆ, ಎಲ್ಲರಿಗಿಂತ ಹಿಂದೆ, ಅವ್ವ. ‘ಒಳಗೆ ಆಹಾರ ತರಬಾರದು’ ಎಂದು ಬೋರ್ಡಿತ್ತು. ಓದಲು ಬರುವವಳು ನಾನೊಬ್ಬಳೇ, ಓದಿ ಹೇಳಲಿಲ್ಲ. ಗೇಟು ತೆಗೆದೆ.

ಕಾರು ಬಂತು. ಸಾಹೇಬರು ಕೈಕಟ್ಟಿ ನಿಂತಿದ್ದರು, ಬೆವರುತ್ತಿದ್ದರು. ಅಮ್ಮಾರು ಕೋಲೂರಿಕೊಂಡು ಇಳಿದರು. ಮನೆಯ ಮುಂದೆ ಆಳೆತ್ತರದ ಜೋಳ, ಒಂದೂ ಸಾಲಿನಲ್ಲಿಲ್ಲ. ಕೆಲವು ತೆನೆ ಹೊರಬಿದ್ದಿದ್ದವು, ಉಳಿದವು ಇನ್ನೂ ಎಲೆ ಸುತ್ತಿದ ಹೊಡೆಯೊಳಗೆ ಉಬ್ಬಿದ್ದವು. ಅಮ್ಮಾರು ಅದನ್ನೇ ನೋಡುತ್ತ ನಿಂತರು.

“ಇಷ್ಟು ಸೊಟ್ಟಗೆ ಬಿತ್ತಿದವರು ಯಾರು?” ಎಂದರು.

ಸಾಹೇಬರು ನನ್ನ ಕಡೆ ನೋಡಿದರು, ನಾನು ಅವ್ವನ ಕಡೆ.

“ನಮ್ಮನೆಯವರೇ ಎದ್ದು ಬಂದು ಬಿತ್ತಿದ ಹಾಗಿದೆ” ಎಂದು ಅಮ್ಮಾರೇ ಜೋರಾಗಿ ನಕ್ಕರು. ನಗುತ್ತ ನಗುತ್ತ ಕಣ್ಣೊರೆಸಿಕೊಂಡರು. ರಿಬ್ಬನ್ ಕತ್ತರಿಸುವುದನ್ನು ಮರೆತು ನೇರ ಪೈರಿನ ಕಡೆಗೇ ನಡೆದರು, ಹಿಂದೆ ನಾವೆಲ್ಲ ನಡೆದೆವು.

ಪೂಜೆಯಾಯಿತು. ಚರಗದ ಬುಟ್ಟಿಯನ್ನು ಅಮ್ಮಾರ ಕೈಗೆ ಕೊಡಹೋದರೆ, “ನಾನು ಸಾಲಲ್ಲಿ ನಡೆಯಲಾರೆ. ಈಗ ಹೊಲ ಕಾಯುವವಳು ಚೆಲ್ಲಲಿ” ಎಂದು ನನ್ನ ಕಡೆ ತೋರಿಸಿದರು. ನಾನು ಬುಟ್ಟಿ ಹಿಡಿದೆ. ತಂಬಿಗೆ ಯಾರು ಹಿಡಿಯಬೇಕೆಂದು ಯಾರೂ ಕೇಳಲಿಲ್ಲ, ಅದು ಅವ್ವನದು. “ಹುಲಿಗ್ಯೋ” ಎಂದು ಕೂಗಿ ಎರಚಿದೆ. ಹಿಂದೆ ನೀರು ಬಿದ್ದ ಸದ್ದಾಯಿತು, ಅವ್ವನ ದನಿ ಬರಲಿಲ್ಲ. ಉಳಿದ ಹೆಂಗಸರೇ ಓಗೊಟ್ಟರು. ಹೊಲ ಪೂರ್ತಿ ಸುತ್ತಿ ಬರುವವರೆಗೂ ಅವ್ವ ತುಟಿ ಬಿಚ್ಚಲಿಲ್ಲ.

ಆಮೇಲೆ ಬೇವಿನ ನೆರಳಲ್ಲಿ ಊಟ. ಸಾಹೇಬರು ಮೊದಲು ಕುರ್ಚಿ ಬೇಕೆಂದರು, ಎಣ್ಣೆಗಾಯಿಯ ವಾಸನೆ ಬಂದ ಮೇಲೆ ನೆಲಕ್ಕೇ ಕೂತರು. ಮೂರನೆಯ ರೊಟ್ಟಿಗೆ ಪುಸ್ತಕದ ಮಾತು ಮರೆತುಹೋಯಿತು. “ಅವ್ವಾರ, ಇನ್ನೊಂದ್ ಹೋಳ್ಗಿ ಹಾಕ್ರಿ. ನಮ್ಮವ್ವನೂ ಹಿಂಗಾ ಮಾಡ್ತಿದ್ಲು” ಎಂದರು. ಕೈ ತೊಳೆಯುತ್ತ ನನ್ನ ಕಡೆ ತಿರುಗಿ, ಮುಖ ಬಿಗಿದುಕೊಂಡು ಹೇಳಿದರು:

“ಬರೋ ಮುಂಗಾರಿಗೆ ಕೂರಿಗೆ ಹೊಡೆಸಿ ನೆಟ್ಟಗೆ ಬಿತ್ತಿಸು. ಇದೇನ್ ಬಿತ್ತಿಗೆ ಇದು, ಅಡ್ಡಾದಿಡ್ಡಿ.”

ಅವ್ವ ಪಾತ್ರೆ ಎತ್ತುತ್ತಿದ್ದವಳು ನಿಂತಳು. “ಸಾಹೇಬ್ರ, ಬರೋ ವರ್ಷಾನೂ ನನ್ನ ಮಗಳಾ ಇರ್ತಾಳೇನ್ರಿ ಇಲ್ಲಿ?”

“ಇವಳಲ್ದೆ ಇನ್ಯಾರಮ್ಮ? ಆ ಕರಿಕಿ ಮಾತ್ರ ಮತ್ತೆ ಬರ್ದಂಗೆ ನೋಡ್ಕೊಳ್ರಿ.”

ಅವ್ವ ತಂಬಿಗೆಯಲ್ಲಿ ಉಳಿದಿದ್ದ ನೀರನ್ನು ಎತ್ತಿ ಜೋಳದ ಮೇಲೆ ಚೆಲ್ಲಿ, “ಚೆಲ್ಲಂಬರಿಗ್ಯೋ!” ಎಂದು ಕೂಗಿದಳು. ಎರಡು ತಿಂಗಳು ಕೂಡಿಟ್ಟ ದನಿ. ಬೆಳ್ಳಕ್ಕಿ ಎದ್ದವು, ಸಾಹೇಬರ ಕೈಯ ಚೆಂಬು ಕೆಳಗೆ ಬಿತ್ತು. ಚರಗ ಮುಗಿದು ಎಷ್ಟೋ ಹೊತ್ತಾಗಿತ್ತು. ಆದರೂ ನಾನು ಎದ್ದು ನಿಂತು, ಬರಿಗೈ ಬೀಸಿ, ಅವಳಿಗೆ “ಹುಲಿಗ್ಯೋ” ಎಂದೆ.