ತಪ್ಪು ಹೇಳಿದವರಿಗೆ ಮೊದಲ ಲೋಟ

ನೆಂಟರೆಲ್ಲ ಹಿಂದಿನ ದಿನ ಸಂಜೆಯೇ ಹೊರಟುಹೋಗಿದ್ದಾರೆ. ಅವರಿಗೆಂದು ಎರವಲು ತಂದ ಹಾಸಿಗೆಗಳು ಮೂಲೆಯಲ್ಲಿ ಮಡಿಸಿ ಬಿದ್ದಿವೆ. ಅತ್ತೆ ಕಿಟಕಿಯ ಬಳಿ ಕೂತು ತಲೆ ಬಾಚಿಕೊಳ್ಳುತ್ತಿದ್ದಾರೆ. ಸೊಸೆಯ ಗಂಡನನ್ನು ಮಣ್ಣಿಗೆ ಕಳಿಸಿಕೊಟ್ಟ ಮೇಲೆ ಆ ಮನೆಗೆ ಇದು ಮೊದಲ ಮಾಮೂಲಿ ಬೆಳಿಗ್ಗೆ.

“ಹೋಗಿ ಬಾ,” ಎನ್ನುತ್ತಾರೆ ಅತ್ತೆ, ಸೊಸೆ ಬಾಯಿ ತೆರೆಯುವ ಮುಂಚೆಯೇ. “ಇಬ್ಬರೂ ಕೂತು ಗೋಡೆ ನೋಡ್ತಿದ್ರೆ ಗೋಡೆಗೇ ಬೇಜಾರಾಗುತ್ತೆ.”

ಸೊಸೆ ಹೊರಡುತ್ತಾಳೆ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಾರ್ಖಾನೆಯ ಗೇಟಿನಲ್ಲಿ ಕಾವಲಿನ ತಾತ ಆಕೆಯನ್ನು ಕಂಡು ಎದ್ದು ನಿಲ್ಲುತ್ತಾನೆ. ಹಿಂದೆಂದೂ ಎದ್ದು ನಿಂತವನಲ್ಲ. ಯಜಮಾನಿ ಇಟ್ಟುಹೋದ ಬೀಗದ ಕೈಯನ್ನು ಅವಳ ಕೈಗೆ ಕೊಡುತ್ತಾನೆ. ಹಿಂದಿನ ಕೋಣೆಯದು. ಮೊನ್ನೆಮೊನ್ನೆಯವರೆಗೂ ಅದು ಗಂಡನ ಕೋಣೆ. ಇವತ್ತಿನಿಂದ ಆಕೆಯದು. ಒಳಗೆ ದೀಪದ ಸ್ವಿಚ್ಚಿಗೆ ಅಡ್ಡವಾಗಿ ಗಂಡನ ಕೆಲಸದ ಅಂಗಿ ನೇತಾಡುತ್ತಿದೆ. ಅದನ್ನು ಪಕ್ಕಕ್ಕೆ ಸರಿಸಿ ದೀಪ ಹಾಕುತ್ತಾಳೆ.

ಈ ಕಾರ್ಖಾನೆಯಲ್ಲಿ ತಯಾರಾಗುವುದು ಸೇಫ್ಟಿ ಬೆಲ್ಟ್. ಎತ್ತರದ ಕಟ್ಟಡಕ್ಕೆ ಬಣ್ಣ ಬಳಿಯುವವರು, ಗಾಜು ಒರೆಸುವವರು, ಕಂಬ ಹತ್ತುವವರು ಸೊಂಟಕ್ಕೆ ಬಿಗಿದುಕೊಳ್ಳುವ ಪಟ್ಟಿ. ಕೆಲಸಗಾರರು ಮೂವತ್ತು ಮಂದಿ ಇರಬಹುದು. ಹೊಲಿಗೆ ಸಾಲಿನ ಕೊನೆಯಲ್ಲಿ ಕೂತು, ದಿನಕ್ಕೆ ಮುನ್ನೂರು ಬೆಲ್ಟುಗಳ ಹೊಲಿಗೆಯನ್ನು ಬೆರಳಲ್ಲೇ ಸವರಿ ನೋಡುತ್ತಿದ್ದವಳು ಈಕೆ. ಎಲ್ಲರೂ ಕರೆಯುವುದು ಸೂಜಿಯಕ್ಕ ಎಂದು. ಆಕೆಗಿಂತ ಇಪ್ಪತ್ತು ವರ್ಷ ದೊಡ್ಡವರೂ ಹಾಗೇ ಕರೆಯುತ್ತಾರೆ. ಗಂಡ ಹಿಂದಿನ ಕೋಣೆಯಲ್ಲಿದ್ದ. ಪ್ರತಿ ಲಾಟಿನಿಂದ ಒಂದು ಬೆಲ್ಟ್ ತೆಗೆದು ಕಬ್ಬಿಣದ ಚೌಕಟ್ಟಿಗೆ ಸಿಕ್ಕಿಸಿ, ಎಳೆತ ಅಳೆಯುವ ಗೇಜಿನ ಮುಳ್ಳು ಗುರುತು ಮುಟ್ಟುವವರೆಗೆ ಎಳೆಯುವುದು ಅವನ ಕೆಲಸ. ಹರಿಯದೆ ತಡೆದರೆ ಲಾಟು ಹೊರಗೆ ಹೋಗುತ್ತದೆ. ಒಂದು ಸಂಜೆ ಎದೆನೋವು ಎಂದು ಮೆಟ್ಟಿಲ ಮೇಲೆ ಕೂತವನು ಮತ್ತೆ ಏಳಲಿಲ್ಲ.

ಗೇಜು ಸುಳ್ಳು ಹೇಳಬಾರದಲ್ಲ, ಅದಕ್ಕೆಂದೇ ಕೋಣೆಯಲ್ಲಿ ಒಂದು ಕಬ್ಬಿಣದ ದಿಮ್ಮಿಯಿದೆ. ತೂಕ ಇನ್ನೂರು ಕಿಲೋ. ಎಲ್ಲರ ಬಾಯಲ್ಲಿ ಅದು ‘ಮಾವ’. ಕೂತಲ್ಲಿಂದ ಏಳುವುದಿಲ್ಲ, ಯಾರ ಮಾತೂ ಕೇಳುವುದಿಲ್ಲ, ತೂಕ ಮಾತ್ರ ಒಂದು ಗುಲಗಂಜಿಯೂ ಇಳಿಯುವುದಿಲ್ಲ ಎಂದು ಆ ಹೆಸರು. ದಿನಾ ಬೆಳಿಗ್ಗೆ ಭಾರ ಎತ್ತುವ ಸರಪಳಿ ರಾಟೆಗೆ ಗೇಜು ಹಾಕಿ, ಅದರ ಕೊಕ್ಕೆಗೆ ಮಾವನನ್ನು ತೂಗಿ, ಮುಳ್ಳು ಇನ್ನೂರಕ್ಕೆ ನಿಂತರೆ ಮಾತ್ರ ಕೆಲಸ ಶುರು.

ಆ ಬೆಳಿಗ್ಗೆ ಆಕೆ ಗೇಜಿನ ಕೊಕ್ಕೆಯನ್ನು ಮಾವನ ತಲೆಯ ಬಳೆಗೆ ಸಿಕ್ಕಿಸಲು ಹೋಗುತ್ತಾಳೆ. ಹಿಡಿಯುವುದಿಲ್ಲ. ಕೊಕ್ಕೆ ದಪ್ಪ.

“ಅದು ನಮ್ಮದಲ್ಲ ಕಣಮ್ಮ,” ಎನ್ನುತ್ತಾನೆ ಸರಪಳಿ ಎಳೆಯಲು ಬಂದ ತಾತ. “ನಮ್ಮದು ರಿಪೇರಿಗೆ ಹೋಗಿ ತಿಂಗಳಾಯ್ತು. ಇದು ಪಕ್ಕದ ಶೆಡ್ಡಿಂದ ನಿನ್ನ ಗಂಡ ಕೇಳಿ ತಂದದ್ದು.”

“ಮತ್ತೆ ಇದಕ್ಕೆ ಮಾವನ್ನ ಹೇಗೆ ತೂಗ್ತಿದ್ರು?”

ತಾತ ಸರಪಳಿ ನೋಡುತ್ತಾನೆ. “ತೂಗಲಿಲ್ಲ. ಕೊಕ್ಕೆ ಹೋಗಲಿಲ್ಲ. ‘ಹೊಸದು ಕೊಳ್ಳೋವರೆಗೂ ಆ ಶೆಡ್ಡಿನವರು ದಿನಾ ಬಳಸಿದ್ದು, ಸರಿಯಾಗೇ ಇರುತ್ತೆ ಬಿಡು ತಾತ’ ಅಂದ ನಿನ್ನ ಗಂಡ.”

ಆಕೆ ಹೊಲಿಗೆಯವಳು. ಕೊಕ್ಕೆ ಬಳೆಗೆ ಹೋಗದಿದ್ದರೆ ನಡುವೆ ಒಂದು ಪಟ್ಟಿ ಹೋಗುತ್ತದೆ ಎಂದು ಆಕೆಗೆ ಹೊಳೆಯಲು ಹೊತ್ತು ಬೇಕಾಗುವುದಿಲ್ಲ. ಬೆಲ್ಟಿನ ತುಂಡೊಂದನ್ನು ಬಳೆಯೊಳಗೆ ತೂರಿಸಿ, ಕುಣಿಕೆ ಹೊಲಿದು, ಕೊಕ್ಕೆಗೆ ಹಾಕುತ್ತಾಳೆ. ತಾತ ಸರಪಳಿ ಎಳೆಯುತ್ತಾನೆ. ಮಾವ ನೆಲ ಬಿಡುತ್ತಾನೆ. ಮುಳ್ಳು ಇನ್ನೂರು ದಾಟಿ ಇನ್ನೂರ ನಲವತ್ತಕ್ಕೆ ಹೋಗಿ ನಿಲ್ಲುತ್ತದೆ.

ಇಳಿಸಿ ಮತ್ತೆ ಎತ್ತುತ್ತಾರೆ. ಇನ್ನೂರ ನಲವತ್ತು.

ಇದರ ಅರ್ಥ ಇಬ್ಬರಿಗೂ ಗೊತ್ತು. ಗೇಜು ಹೆಚ್ಚು ತೋರಿಸಿದರೆ ಬೆಲ್ಟಿಗೆ ಬಿದ್ದ ಎಳೆತ ಕಡಿಮೆ. ಒಂದು ತಿಂಗಳ ಕಾಲ ಪೂರ್ತಿ ಪರೀಕ್ಷೆ ಆಗದ ಬೆಲ್ಟುಗಳು ಹೊರಗೆ ಹೋಗಿವೆ. ಅವು ಈಗ ಯಾರ್‍ಯಾರದೋ ಸೊಂಟದಲ್ಲಿವೆ, ಬೆಳಗಾಗುತ್ತಲೂ ಇದೆ.

ತಾತ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸುತ್ತಾನೆ. “ಇದನ್ನ ಸುಮ್ಮನೆ ವಾಪಸ್ ಕಳಿಸಿಬಿಡು ಮಗಳೇ. ಇವತ್ತು ಮಧ್ಯಾಹ್ನ ನಮ್ಮದು ಬರುತ್ತೆ. ಗೋದಾಮಿನಲ್ಲಿ ಇರೋದನ್ನ ಮತ್ತೆ ಎಳೆದರಾಯ್ತು. ಬದುಕಿದ್ದವರಾದ್ರೆ ಎದುರು ನಿಂತು ಉತ್ತರ ಕೊಡ್ತಾರೆ. ಸತ್ತೋರ ಮೇಲೆ ಗೂಬೆ ಕೂರಿಸಬಾರದು.”

“ಗೋದಾಮಿನದು ಸರಿ. ಹೊರಗೆ ಹೋಗಿರೋದು?”

ತಾತ ಮಾವನನ್ನು ನೆಲಕ್ಕಿಳಿಸುತ್ತಾನೆ. ತಾತ ಕೆಟ್ಟ ಮಾತೇನೂ ಆಡಿರಲಿಲ್ಲ ಎನ್ನುತ್ತಾಳೆ ಸೂಜಿಯಕ್ಕ ಈಗ, ಆ ದಿನವನ್ನು ನೆನೆದು. “ನನಗೂ ಹಾಗೇ ಅನಿಸಿತ್ತು. ಎಲ್ಲರೂ ಮನೆಗೆ ಬಂದು ಅವರಂಥ ಶಿಸ್ತಿನ ಮನುಷ್ಯ ಇಲ್ಲ ಅಂತ ಹೇಳಿಹೋಗಿ ಇನ್ನೂ ವಾರ ಆಗಿರಲಿಲ್ಲ. ನನಗೆ ಅಂತ ಉಳಿದದ್ದು ಆ ಮಾತೊಂದೇ.”

ಈ ಕಾರ್ಖಾನೆಗೆ ಒಂದು ಪದ್ಧತಿಯಿದೆ, ಅದನ್ನು ಇಲ್ಲಿ ಹೇಳಬೇಕು. ಕೆಲಸ ಶುರುವಾಗುವ ಮುಂಚೆ ಎಲ್ಲರೂ ಕತ್ತರಿಸುವ ಮೇಜಿನ ಸುತ್ತ ನಿಂತು ಚಹಾ ಕುಡಿಯುತ್ತಾರೆ. ಮೊದಲ ಲೋಟ ಯಜಮಾನಿಗಲ್ಲ, ಹಿರಿಯರಿಗೂ ಅಲ್ಲ. ಹಿಂದಿನ ದಿನದ ತಪ್ಪೊಂದನ್ನು ಯಾರು ಮೊದಲು ಹೇಳುತ್ತಾರೋ ಅವರಿಗೆ. ಆ ಲೋಟ ಖಾಲಿಯಾಗುವವರೆಗೆ ಯಾರೂ ‘ಯಾಕೆ’ ಎಂದು ಕೇಳುವಂತಿಲ್ಲ. ಖಾಲಿಯಾದ ಮೇಲೆ ಕೇಳುವುದು ‘ಈಗೇನು ಮಾಡೋಣ’ ಎಂದು ಮಾತ್ರ.

“ಮುಂಚೆ ನಾನೂ ಎಲ್ಲರ ಹಾಗೆ ಬೋರ್ಡು ಬರೆಸಿ ಹಾಕಿದ್ದೆ,” ಎನ್ನುತ್ತಾರೆ ಯಜಮಾನಿ. ಐವತ್ತು ದಾಟಿದ, ಕನ್ನಡಕವನ್ನು ಸದಾ ತಲೆಯ ಮೇಲಿಟ್ಟು ಹುಡುಕುವ ಹೆಂಗಸು. “‘ಪ್ರಾಮಾಣಿಕತೆಯೇ ನಮ್ಮ ಬಲ’ ಅಂತ. ಅದರ ಕೆಳಗೇ ನಿಂತು ಎಲ್ಲರೂ ಸುಳ್ಳು ಹೇಳ್ತಿದ್ರು. ಗಿರಾಕಿಗಳಿಗೆ ನಾನೂ ಹೇಳ್ತಿದ್ದೆ. ಗೋಡೆ ಮೇಲೆ ಬರೆದದ್ದು ಗೋಡೆಗಷ್ಟೇ ಗೊತ್ತು. ಒಬ್ಬ ತಪ್ಪು ಅಳತೆಗೆ ಕತ್ತರಿಸಿ, ಬೈತೀನಿ ಅಂತ ಹೆದರಿ, ತುಂಡು ಸೇರಿಸಿ ಹೊಲಿಸಿಬಿಟ್ಟಿದ್ದ. ಅದು ಸಿಕ್ಕಿಬಿದ್ದ ದಿನ ಗೊತ್ತಾಯ್ತು, ಅವನ ಕೈಲಿ ಅದನ್ನ ಮುಚ್ಚಿಸಿದ್ದು ನನ್ನ ಬಾಯಿ. ಮಾರನೇ ದಿನ ಬೋರ್ಡು ಇಳಿಸಿದೆ.”

ಮೊದಮೊದಲು ಚಹಾ ಆರಿ ತಣ್ಣಗಾದರೂ ಯಾರೂ ಬಾಯಿ ಬಿಡುತ್ತಿರಲಿಲ್ಲವಂತೆ. ಮೂರನೇ ದಿನ ಯಜಮಾನಿಯೇ ತಮ್ಮ ತಪ್ಪೊಂದನ್ನು ಹೇಳಿ ಲೋಟ ಎತ್ತಿಕೊಂಡರು. ಆಮೇಲೆ ನಿಧಾನಕ್ಕೆ ನಾಲಿಗೆಗಳು ಸಡಿಲವಾದವು. ಈಗ ಉಲ್ಟಾ ತೊಂದರೆ. ಬಕಲ್ ಜೋಡಿಸುವ ಬಕಲಣ್ಣ ಬಿಸಿ ಚಹಾದ ಆಸೆಗೆ ತಪ್ಪುಗಳನ್ನು ಹುಟ್ಟಿಸಿಕೊಂಡು ಬರುತ್ತಾನೆ. ‘ನಿನ್ನೆ ಸಾರಿಗೆ ಉಪ್ಪು ಜಾಸ್ತಿ ಹಾಕಿದೆ’ ಎಂದರೆ ಲೋಟ ಸಿಗುವುದಿಲ್ಲ ಎಂದು ಅವನಿಗೊಬ್ಬನಿಗಾಗಿ ಬೇರೆ ನಿಯಮವೇ ಮಾಡಬೇಕಾಯಿತು. ಸೂಜಿಯಕ್ಕನ ಗಂಡನಿಗೆ ವಾರಕ್ಕೆ ಎರಡು ಸಲವಾದರೂ ಮೊದಲ ಲೋಟ ಸಿಗುತ್ತಿತ್ತು. ‘ನಿನ್ನ ತಪ್ಪಿಗೇ ಅರ್ಧ ಸಕ್ಕರೆ ಖರ್ಚು’ ಎಂದು ಅವನನ್ನು ರೇಗಿಸುತ್ತಿದ್ದರು.

“ಅವರಿದ್ದಿದ್ರೆ ಇದನ್ನೂ ಹೇಳ್ತಿದ್ರಾ?” ಎಂಬ ಪ್ರಶ್ನೆಯನ್ನು ಸೂಜಿಯಕ್ಕ ತಾನೇ ಕೇಳಿಕೊಳ್ಳುತ್ತಾಳೆ. “ಹೇಳ್ತಿದ್ರು ಅಂತ ಎಲ್ಲರೂ ನನ್ನ ಸಮಾಧಾನಕ್ಕೆ ಅಂತಾರೆ. ನನಗೆ ಗೊತ್ತಿಲ್ಲ. ಅವರು ಹೇಳ್ತಿದ್ದದ್ದೆಲ್ಲ ಸಣ್ಣ ಸಣ್ಣವು. ಇದು ಸಣ್ಣದಲ್ಲ.”

ಆ ಬೆಳಿಗ್ಗೆ ಚಹಾ ಸುರಿಯುವ ಪಾಳಿ ಬಕಲಣ್ಣನದು. ಎಲ್ಲರೂ ಸೂಜಿಯಕ್ಕನ ಮುಖ ನೋಡದೆ ಅತ್ತಿತ್ತ ನೋಡುತ್ತಿದ್ದಾರೆ. ಇವತ್ತೊಂದು ದಿನ ಮೊದಲ ಲೋಟವನ್ನು ಸುಮ್ಮನೆ ಅವಳಿಗೇ ಕೊಡುವುದೆಂದು ಒಳಗೊಳಗೇ ಮಾತಾಗಿದೆ. ಬಕಲಣ್ಣ ಲೋಟ ಚಾಚುತ್ತಾನೆ.

“ಸುಮ್ಮನೆ ಬೇಡ ಅಣ್ಣ, ಹೇಳೋದಿದೆ,” ಎನ್ನುತ್ತಾಳೆ ಆಕೆ. “ತಪ್ಪು ನನ್ನದಲ್ಲ. ಮಾಡಿದವರು ಇಲ್ಲ, ಅದಕ್ಕೆ ನಾನು ಹೇಳ್ತಿದೀನಿ.”

ಗೇಜಿನ ವಿಷಯ ಹೇಳುತ್ತಾಳೆ. ಕೊಕ್ಕೆ, ಬಳೆ, ಮಾವ, ಇನ್ನೂರ ನಲವತ್ತು. ತೂಗದೆ ಬಿಟ್ಟವರು ಯಾರು ಎಂದೂ ಹೇಳುತ್ತಾಳೆ. ಬಕಲಣ್ಣನ ಕೈಯಲ್ಲಿ ಲೋಟ ಹಾಗೇ ನಿಂತಿದೆ. ಇಂಥದಕ್ಕೆ ಲೋಟ ಯಾರಿಗೆ ಹೋಗಬೇಕು ಎಂದು ಅವನಿಗೆ ತಿಳಿಯದು.

“ಕೊಡೋ,” ಎನ್ನುತ್ತಾರೆ ಯಜಮಾನಿ. “ಹೇಳಿದವರಿಗೆ ಲೋಟ. ಮಾಡಿದವರಿಗೆ ಅಂತ ನಾವು ಯಾವತ್ತು ಕೊಟ್ಟಿದ್ವಿ?”

ಲೋಟ ಖಾಲಿಯಾಗದೆ ಯಾರೂ ‘ಈಗೇನು ಮಾಡೋಣ’ ಎಂದು ಕೇಳುವಂತಿಲ್ಲ. ಬೆಲ್ಟುಗಳು ಹೊರಗಿವೆ. ಆಕೆ ಕುದಿಯುವ ಚಹಾವನ್ನು ನಿಂತಲ್ಲೇ ಗಟಗಟ ಕುಡಿದು ಲೋಟ ಬೋರಲು ಹಾಕುತ್ತಾಳೆ. “ನಾಲಿಗೆ ಸುಟ್ಟುಹೋಯ್ತು, ಎರಡು ದಿನ ರುಚಿ ಗೊತ್ತಾಗಲಿಲ್ಲ,” ಎನ್ನುತ್ತಾಳೆ. “ಅದಕ್ಕೆ ಮುಂಚೆಯೂ ಏನೂ ಗೊತ್ತಾಗ್ತಿರಲಿಲ್ಲ ಬಿಡಿ.”

ಯಜಮಾನಿ ಮತ್ತೆ ಪರೀಕ್ಷೆ ಮಾಡಿ ನೋಡುವವರೆಗೂ ಕಾಯುವುದಿಲ್ಲ. ‘ಮೊದಲು ಸೊಂಟದಿಂದ ಬಿಚ್ಚಿಸಿ, ಆಮೇಲೆ ನೋಡೋಣ’ ಎಂದು ಫೋನ್ ಹಿಡಿದು ಕೂರುತ್ತಾರೆ. ಆ ಒಂದು ತಿಂಗಳಲ್ಲಿ ಬೆಲ್ಟ್ ಕೊಂಡ ಪ್ರತಿಯೊಬ್ಬರಿಗೂ ಅದೇ ಮಾತು: ನಮ್ಮ ಪರೀಕ್ಷೆಯಲ್ಲಿ ತಪ್ಪಾಗಿದೆ, ಕೆಲಸದವರನ್ನು ಕೆಳಗಿಳಿಸಿ. ಕೆಲವರು ಥ್ಯಾಂಕ್ಸ್ ಎನ್ನುತ್ತಾರೆ. ಹಳೆಯ ಗಿರಾಕಿಯೊಬ್ಬರು ಯಜಮಾನಿಯ ಹಿಂದಿನ ಏಳು ತಲೆಮಾರನ್ನೂ ವಿಚಾರಿಸಿಕೊಂಡು, ಇನ್ನು ನಿಮ್ಮ ಸಹವಾಸ ಬೇಡ ಎನ್ನುತ್ತಾರೆ. ಅವರು ಮತ್ತೆ ಬಂದಿಲ್ಲ. ಮಧ್ಯಾಹ್ನ ರಿಪೇರಿಯಿಂದ ಸ್ವಂತ ಗೇಜು ಬರುತ್ತದೆ, ಮಾವನನ್ನು ತೂಗಿ ಇನ್ನೂರು ಎನ್ನುತ್ತದೆ. ವಾಪಸ್ ಬಂದ ಲಾಟುಗಳನ್ನು ಒಂದೊಂದಾಗಿ ಸೂಜಿಯಕ್ಕ ಚೌಕಟ್ಟಿಗೆ ಹಾಕುತ್ತಾಳೆ. ಎಲ್ಲ ತಡೆಯುತ್ತವೆ, ಒಂದನ್ನು ಬಿಟ್ಟು. ಆ ಒಂದು ಲಾಟಿನ ಬೆಲ್ಟ್, ಮುಳ್ಳು ಗುರುತು ಮುಟ್ಟುವ ಸ್ವಲ್ಪ ಮುಂಚೆ ಹೊಲಿಗೆಯ ಬಳಿ ಹರಿಯುತ್ತದೆ, ದಾರ ಕೆಟ್ಟದ್ದು. ಆ ಲಾಟಿನ ಬೆಲ್ಟುಗಳನ್ನು ಗಾಜು ಒರೆಸುವವರು ಕಟ್ಟಿಕೊಂಡಿದ್ದರು. ಅವರಲ್ಲಿ ಯಾರಿಗೂ ಏನೂ ಆಗಿರಲಿಲ್ಲ.

ಮನೆಯಲ್ಲಿ ಅತ್ತೆಗೆ ಸುದ್ದಿ ಆಕೆಗಿಂತ ಮುಂಚೆಯೇ ತಲುಪಿದೆ. “ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ ಅಂತ ಗೊತ್ತಿಲ್ವಾ ನಿನಗೆ?” ಎಂದಷ್ಟೇ ಹೇಳಿ ಮಾತು ಬಿಡುತ್ತಾರೆ. ಊಟ ಬಡಿಸುತ್ತಾರೆ, ಹಾಸಿಗೆ ಹಾಸುತ್ತಾರೆ, ಮಾತಿಲ್ಲ. ಹಾಗೇ ಕೆಲವು ದಿನ. ಒಂದು ಬೆಳಿಗ್ಗೆ ಸೊಸೆ ಚಪ್ಪಲಿ ಮೆಟ್ಟುತ್ತಿರುವಾಗ ಹಿಂದಿನಿಂದ ಕೇಳುತ್ತಾರೆ: “ಆ ಗೇಜು ಇನ್ನೂ ನಿಮ್ಮಲ್ಲೇ ಇದೆಯಾ?”

“ಇದೆ ಅತ್ತೆ. ಯಾರ ಕೈಲಾದ್ರೂ ಕಳಿಸ್ತೀನಿ.”

“ಯಾರ್‍ಯಾರ ಕೈಲೋ ಬೇಡ. ನನ್ನ ಮಗ ಬಾಯಿಬಿಟ್ಟು ಕೇಳಿ ತಂದದ್ದು. ನೀನೇ ಹೋಗಿ ಕೊಟ್ಟು ಬಾ.” ಬಾಗಿಲವರೆಗೆ ಬಂದು, “ಕೊಡುವಾಗ ಅದು ಹೇಗಿದೆ ಅಂತಲೂ ಹೇಳು. ಹೇಳದೆ ಕೊಟ್ರೆ ಕೊಟ್ಟ ಹಾಗಲ್ಲ,” ಎನ್ನುತ್ತಾರೆ.

ಪಕ್ಕದ ಶೆಡ್ಡಿನಲ್ಲೂ ತಯಾರಾಗುವುದು ಇದೇ ಬೆಲ್ಟ್. ಅಲ್ಲಿನ ಮಾಲೀಕರು ಗೇಜನ್ನು ಕಂಡು ಕುರ್ಚಿ ಎಳೆದು ಕೊಡುತ್ತಾರೆ. “ಇದಕ್ಕೋಸ್ಕರ ನೀನು ಬರಬೇಕಿತ್ತಾ ತಾಯಿ? ಒಳ್ಳೇ ಮನುಷ್ಯ ನಿನ್ನ ಗಂಡ.”

ಆಕೆ ಕೂರುವುದಿಲ್ಲ. ಗೇಜು ಎಷ್ಟು ಹೆಚ್ಚು ತೋರಿಸುತ್ತಿದೆ ಎಂದು ನಿಂತೇ ಹೇಳುತ್ತಾಳೆ. ಮಾಲೀಕರು ಎದ್ದು ಹೋಗಿ ಬಾಗಿಲು ಮುಂದಕ್ಕೆ ಮಾಡುತ್ತಾರೆ.

“ಇದು ಎಷ್ಟು ಜನಕ್ಕೆ ಗೊತ್ತು?”

“ನಮ್ಮಲ್ಲಿ ಎಲ್ಲರಿಗೂ.”

“ಎಲ್ಲರಿಗೂ ಅಂದ್ರೆ?”

“ಎಲ್ಲರೂ ಇದ್ದಾಗಲೇ ಹೇಳಿದ್ದು.”

ಮಾಲೀಕರು ಕೂರುತ್ತಾರೆ. ಮೇಜಿನ ಮೇಲಿನ ಗೇಜನ್ನು ಮುಟ್ಟುವುದಿಲ್ಲ. “ನೋಡಮ್ಮ, ಇಲ್ಲಿಂದ ಹೋದಾಗ ಇದು ಸರಿ ಇತ್ತು. ನಿಮ್ಮಲ್ಲಿ ಯಾರೋ ಬೀಳಿಸಿರಬೇಕು. ನಿನ್ನ ಗಂಡನ ಕೈಯಲ್ಲೇ ಕೆಟ್ಟಿರಬೇಕು. ಇಲ್ಲ ಅಂತೀಯಾ?”

ಇಲ್ಲ ಎನ್ನಲು ಆಕೆಯ ಬಳಿ ಏನೂ ಇಲ್ಲ. ಕೇಳೋಣವೆಂದರೆ ಕೇಳಬೇಕಾದವನು ಇಲ್ಲ.

“ಕೆಟ್ಟಿರಬಹುದು,” ಎನ್ನುತ್ತಾಳೆ. “ಇಲ್ಲೇ ಕೆಟ್ಟಿರಲೂಬಹುದು. ಗೊತ್ತಿಲ್ಲವಲ್ಲ, ಅದಕ್ಕೇ ನೀವು ಮುಂಚೆ ಇದರಲ್ಲಿ ಎಳೆದು ಕಳಿಸಿದ್ದನ್ನ ವಾಪಸ್ ತರಿಸಬೇಕು. ಕೇಳಿದವರಿಗೆ ನನ್ನ ಗಂಡನೇ ಕೆಡಿಸಿದ ಅಂತ ಹೇಳಿ. ನಾನು ಬಂದು ಅಲ್ಲ ಅನ್ನಲ್ಲ. ಬೆಲ್ಟು ಮಾತ್ರ ತರಿಸಿ.”

ಒಳಗೆ ಹೊಲಿಗೆ ಯಂತ್ರಗಳು ಓಡುತ್ತಿವೆ. ಮಾಲೀಕರು ಆಕೆಯ ಕಡೆ ನೋಡದೆ ಕೇಳುತ್ತಾರೆ: “ಎಷ್ಟು ಹಿಂದಿನದು ತರಿಸಬೇಕು?”

“ಇದನ್ನ ಕೊನೇ ಸಲ ತೂಗಿ ನೋಡಿದ್ದು ಯಾವಾಗ?”

ಅವರು ಮೇಜಿನ ಮೇಲಿನ ಕಾಗದಗಳನ್ನು ಜೋಡಿಸತೊಡಗುತ್ತಾರೆ.

“ಅಲ್ಲಿಂದ ಈಚಿನದೆಲ್ಲ,” ಎನ್ನುತ್ತಾಳೆ ಸೂಜಿಯಕ್ಕ. ಮೇಜಿನ ಮೇಲಿದ್ದ ಗೇಜನ್ನು ಎತ್ತಿ ಅವರ ಕೈಗೇ ಕೊಡುತ್ತಾಳೆ.